ಕಾಕನಕೋಟೆಯ ಖೆಡ್ಡಾದಿಂದ ಇಂದಿನ ಸಫಾರಿಯವರೆಗೆ

ಹಳೆಯ ಮೈಸೂರು ಸಂಸ್ಥಾನದ ದಕ್ಷಿಣದ ಅಂಚಿನಲ್ಲಿ, ಕಪಿಲಾ ನದಿಯ ದಡಗಳಲ್ಲಿ ಹಬ್ಬಿಕೊಂಡಿದ್ದ ಕಾಕನಕೋಟೆಯ ಅರಣ್ಯವನ್ನು ಕನ್ನಡಿಗರಲ್ಲಿ ಅನೇಕರು ಮಾಸ್ತಿಯವರ ನಾಟಕದ ಮೂಲಕ ಬಲ್ಲರು. ಆದರೆ ದೇಶಾಂತರಗಳಲ್ಲಿ ಆ ಕಾಡಿಗೆ ಹೆಸರು ತಂದದ್ದು ನಾಟಕವಲ್ಲ, ಖೆಡ್ಡಾ. ಕಾಡಾನೆಗಳ ಹಿಂಡನ್ನು ಒಟ್ಟಾಗಿ ಅಟ್ಟಿಕೊಂಡು ಬಂದು ಬಲವಾದ ಆವರಣದೊಳಗೆ ಕೂಡಿಹಾಕುವ ಆ ವಿಧಾನವು ಸುಮಾರು ಒಂದು ಶತಮಾನ ಕಾಲ ಇಲ್ಲಿ ನಡೆಯಿತು. ಇಂದು ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಜನರು ಆನೆಯನ್ನು ನೋಡಲೆಂದು ಅದೇ ಸೀಮೆಗೆ ಹೋಗುತ್ತಾರೆ. ಅಂದೂ ಜನರು ನೋಡಲೆಂದೇ ಹೋಗುತ್ತಿದ್ದರು. ಪ್ರಾಣಿಯನ್ನು ನೋಡುವ ಆಸೆ ಹೊಸದಲ್ಲ. ನೋಡುವ ರೀತಿ ಮಾತ್ರ ಬದಲಾಗಿದೆ. ಆ ಬದಲಾವಣೆ ಎಷ್ಟು ನಿಜವಾದದ್ದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೈಸೂರಿನಲ್ಲಿ ಖೆಡ್ಡಾ ಪದ್ಧತಿಯನ್ನು ಯಶಸ್ವಿಯಾಗಿ ನೆಲೆಗೊಳಿಸಿದವನು ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ. ಮೂಲತಃ ನೀರಾವರಿ ಕಾಲುವೆಗಳ ಮೇಲ್ವಿಚಾರಣೆ ಆತನ ಕೆಲಸ. 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಆತನು ಒಂದೇ ಬಾರಿಗೆ 50ಕ್ಕೂ ಹೆಚ್ಚು ಆನೆಗಳನ್ನು ಹಿಡಿದನು. ಅದಕ್ಕೂ ನೂರು ವರ್ಷ ಮೊದಲು ಹೈದರಾಲಿಯು ಕಾಕನಕೋಟೆಯಲ್ಲಿ ಯತ್ನಿಸಿ ಸೋತು, ಮುಂದೆ ಈ ಸಾಹಸಕ್ಕೆ ಕೈಹಾಕುವವರಿಗೆ ಶಾಪವನ್ನು ಕಲ್ಲಿನ ಮೇಲೆ ಬರೆಸಿದ್ದನೆಂದು ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಶಾಪ ಫಲಿಸಲಿಲ್ಲ. 1971ರವರೆಗೆ ಮೂವತ್ತಕ್ಕೂ ಹೆಚ್ಚು ಖೆಡ್ಡಾಗಳು ನಡೆದು, ಸುಮಾರು ಒಂದೂವರೆ ಸಾವಿರ ಆನೆಗಳು ಸೆರೆಯಾದವು. ಹಿಡಿಯುವಾಗಲೂ ಪಳಗಿಸುವಾಗಲೂ ಸತ್ತವು ಹಲವು.

ಖೆಡ್ಡಾದ ಕ್ರಮವನ್ನು ತಿಳಿಯದ ಇಂದಿನ ವಾಚಕರಿಗಾಗಿ ಸ್ವಲ್ಪ ವಿವರಿಸಬೇಕು. ಕಾಡಿನ ಜಾಡುಗಳನ್ನು ಬಲ್ಲ ಜೇನುಕುರುಬರು ಮೊದಲು ಹಿಂಡು ಇರುವ ಸ್ಥಳವನ್ನು ಪತ್ತೆಮಾಡುವರು. ಬಳಿಕ ನೂರಾರು ಜನ ತಮಟೆ ಬಡಿಯುತ್ತ, ರಾತ್ರಿಯ ಹೊತ್ತು ಬೆಂಕಿ ಹಾಕಿ ಕಾಯುತ್ತ, ಹಿಂಡನ್ನು ಮೆಲ್ಲಮೆಲ್ಲನೆ ನದಿಯ ಕಡೆಗೆ ಅಟ್ಟುವರು. ನದಿಯನ್ನು ದಾಟಿದ ಆನೆಗಳು ದಪ್ಪ ಮರಗಳಿಂದ ಕಟ್ಟಿದ ದೊಡ್ಡಿಯನ್ನು ಹೊಕ್ಕೊಡನೆ ಮೇಲಿನಿಂದ ಬಾಗಿಲು ಬೀಳುವುದು. ಆಮೇಲೆ ಕುಮ್ಕಿ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ ಒಂದೊಂದಕ್ಕೂ ಹಗ್ಗ ಹಾಕುವರು. ತಾಯಿಯಿಂದ ಮರಿ ಬೇರೆಯಾಗುವುದು ಆಗಲೇ. ಈ ನೋಟವನ್ನು ಕಾಣಲು ಅಟ್ಟಣೆಗಳನ್ನು ಕಟ್ಟಿಸುತ್ತಿದ್ದರು. ಅವುಗಳ ಮೇಲೆ ರಾಜ ಅತಿಥಿಗಳು ಕುಳಿತುಕೊಳ್ಳುತ್ತಿದ್ದರು. 1906ರಲ್ಲಿ ಮುಂದೆ ಐದನೆಯ ಜಾರ್ಜ್ ಎನಿಸಿದ ರಾಜಕುಮಾರನೂ, 1922ರಲ್ಲಿ ಅವನ ಮಗ ಎಡ್ವರ್ಡ್‌ನೂ ಮೈಸೂರಿಗೆ ಬಂದಾಗ ಅವರ ಸತ್ಕಾರದಲ್ಲಿ ಖೆಡ್ಡಾ ಒಂದು ಮುಖ್ಯ ಭಾಗವಾಗಿತ್ತು. ಕರ್ನಾಟಕದ ವನ್ಯಜೀವಿ ಪ್ರವಾಸೋದ್ಯಮಕ್ಕೆ ಹುಟ್ಟುದಿನವನ್ನು ಹುಡುಕುವುದಾದರೆ ಅದು ಆ ಅಟ್ಟಣೆಗಳ ಮೇಲೆಯೇ ಸಿಗುತ್ತದೆಂದು ನನ್ನ ಅಭಿಪ್ರಾಯ. ಪರಕೀಯ ಪ್ರಾಣಿಯ ಸಂಕಟವು ಅಲ್ಲಿ ಅತಿಥಿಯ ವಿನೋದವಾಗಿತ್ತು.

ಸ್ವಾತಂತ್ರ್ಯಾನಂತರವೂ ಈ ಮನೋಭಾವ ಬೇಗ ಬದಲಾಗಲಿಲ್ಲ. ವಿದೇಶೀಯರಿಂದ ಹಣ ಪಡೆದು ಹುಲಿಯ ಬೇಟೆ ಮಾಡಿಸುವ ಶಿಕಾರಿ ಕಂಪನಿಗಳು ಭಾರತದಲ್ಲಿ ರಾಜಾರೋಷವಾಗಿ ವ್ಯಾಪಾರ ನಡೆಸಿದವು. ಹುಲಿಬೇಟೆಗೆ ನಿಷೇಧ ಬಂದದ್ದು 1970ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದರ ಮೊದಲ 9 ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡು, ಆನೆಗಳನ್ನು ಅಟ್ಟುತ್ತಿದ್ದ ನದಿಯ ಬಯಲೇ ನೀರಿನಲ್ಲಿ ಮುಳುಗಿತು. ಅದರೊಡನೆ ಹಳ್ಳಿಗಳೂ ಹಾಡಿಗಳೂ ಮುಳುಗಿದವೆಂಬುದನ್ನು ಮರೆಯಬಾರದು. ಬೇಸಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಹಸುರು ಹುಲ್ಲು ಚಿಗುರಿ, ಸುತ್ತಲ ಕಾಡುಗಳ ಆನೆಗಳು ಅಲ್ಲಿಗೆ ನೂರಾರು ಸಂಖ್ಯೆಯಲ್ಲಿ ಬರತೊಡಗಿದವು. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ಸ್ಥಳಗಳು ವಿರಳ. ಸೆರೆಯ ನೆಲವೇ ಮೇವಿನ ನೆಲವಾಯಿತು. ಯಾರೂ ಸಂಕಲ್ಪಿಸಿ ಮಾಡಿದ್ದಲ್ಲ.

ಆರ್. ಗುಂಡೂರಾಯರು ಮುಖ್ಯಮಂತ್ರಿಗಳಾಗಿದ್ದ 1980ರಲ್ಲಿ, ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಸಹಭಾಗಿತ್ವದಲ್ಲಿ ಜಂಗಲ್ ಲಾಡ್ಜಸ್ ಮತ್ತು ರೆಸಾರ್ಟ್ಸ್ ಎಂಬ ಕಂಪನಿ ಸ್ಥಾಪಿತವಾಯಿತು. ಬಳಿಕ ಅದು ಪೂರ್ಣವಾಗಿ ಸರ್ಕಾರದ್ದಾಯಿತು. ಕಾರಾಪುರದಲ್ಲಿ ಅರಸರ ಬೇಟೆಯ ಬಂಗಲೆಯಿದ್ದ ಆವರಣದಲ್ಲಿಯೇ ಅದರ ಮೊದಲ ವಸತಿಗೃಹ ತೆರೆಯಿತು. ಅದನ್ನು ಬಹುಕಾಲ ನೋಡಿಕೊಂಡವರು ಕರ್ನಲ್ ಜಾನ್ ವೇಕ್‌ಫೀಲ್ಡ್. ಯೌವನದಲ್ಲಿ ಸ್ವತಃ ಬೇಟೆಗಾರರಾಗಿದ್ದ ಅವರು, ಬಂದೂಕನ್ನು ಬದಿಗಿಟ್ಟು, 2010ರಲ್ಲಿ ತೀರಿಕೊಳ್ಳುವವರೆಗೂ ಕಬಿನಿಯ ದಡದಲ್ಲಿಯೇ ವಾಸವಾಗಿದ್ದರು. ಬಂದವರಿಗೆ ಕಾಡಿನಲ್ಲಿ ಮೌನವಾಗಿರಬೇಕೆಂದು ಕಲಿಸುವುದು, ಸ್ಥಳೀಯ ಯುವಕರಿಗೆ ಉದ್ಯೋಗ ಕೊಡುವುದು, ಬಂದ ಆದಾಯದಿಂದ ಕಾಡಿನ ರಕ್ಷಣೆಗೆ ಸರ್ಕಾರದಲ್ಲಿ ಆಸಕ್ತಿ ಉಳಿಯುವಂತೆ ಮಾಡುವುದು ಈ ಪ್ರಯೋಗದ ಆಶಯವಾಗಿತ್ತು. ವ್ಯಾಪಾರಿಯ ಲೆಕ್ಕದಲ್ಲಿ ನೋಡಿದರೂ ಇದು ಸರಿಯೇ: ಕೊಂದ ಹುಲಿ ಒಮ್ಮೆ ಮಾತ್ರ ಹಣ ತರುತ್ತದೆ, ಬದುಕಿರುವ ಹುಲಿ ತನ್ನ ಆಯುಷ್ಯದುದ್ದಕ್ಕೂ ತರುತ್ತದೆ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಸಂಖ್ಯೆ 563 ಎಂದು ಅಂದಾಜಾಗಿ, ಮಧ್ಯಪ್ರದೇಶದ ನಂತರದ ಸ್ಥಾನ ನಮ್ಮದಾಯಿತು. ಅದರ ಯಶಸ್ಸೆಲ್ಲ ಪ್ರವಾಸಿಗರಿಗೆ ಸಲ್ಲದು. ಕಾವಲುಗಾರರ ಪಾದಯಾತ್ರೆ, ಕಾಯಿದೆಯ ಬಿಗಿ, ಕಳ್ಳಬೇಟೆಯವರ ವಿರುದ್ಧ ನಡೆದ ಹೋರಾಟ, ಇವುಗಳ ಪಾಲೇ ದೊಡ್ಡದು.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ದೋಷವಿದೆ. ಹುಲಿ ಹಣ ತರುತ್ತದೆಂಬುದಕ್ಕಾಗಿ ಅದನ್ನು ಉಳಿಸುವುದಾದರೆ, ಹಣ ತಾರದ ಚಿಪ್ಪುಹಂದಿಯ ಗತಿಯೇನು? ಕೆನ್ನಾಯಿ ಕಂಡರೆ ಫೋಟೋ ತೆಗೆಯುವವರುಂಟು. ಮಣ್ಣಿನೊಳಗಿನ ಜೀವವನ್ನು ನೋಡಲು ಯಾರೂ ಚೀಟಿ ಕೊಳ್ಳುವುದಿಲ್ಲ. ಇಲ್ಲಿ ನಮ್ಮ ಶ್ರಾವಕಾಚಾರದ ಒಂದು ವಿಚಾರ ಉಪಯುಕ್ತವೆಂದು ತೋರುತ್ತದೆ. ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯೆಂದರೆ ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದು. ಬೇಟೆಯ ವಿನೋದವು ಈ ವ್ರತಕ್ಕೆ ವಿರುದ್ಧವೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುತ್ತ, ಪ್ರಮಾದಚರ್ಯೆಯೆಂಬ ಭೇದದಲ್ಲಿ ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕದಡುವುದನ್ನೂ ಗಿಡಬಳ್ಳಿಗಳನ್ನು ಕೀಳುವುದನ್ನೂ ಸೇರಿಸಿ, ಅವುಗಳ ಜೊತೆಗೆ ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿದ್ದಾರೆ. ಪ್ರವಾಸಿಗೂ ಪ್ರವಾಸದ ವ್ಯಾಪಾರಿಗೂ ಒಂದೇ ಮಾತಿನಲ್ಲಿ ಎಚ್ಚರಿಕೆ ಬಂದಂತಾಯಿತು. ಹುಲಿಯೊಂದು ಕಾಣಿಸಿತೆಂದೊಡನೆ ಹತ್ತು ಜೀಪುಗಳು ಸುತ್ತುವರಿದು ನಿಂತರೆ, ಅಲ್ಲಿ ಬಂದೂಕು ಇಲ್ಲವೆಂಬ ಮಾತ್ರಕ್ಕೆ ಅಟ್ಟಣೆಯ ಕಾಲ ಮುಗಿಯಿತೆಂದು ಹೇಳಲಾಗದು.

ಪ್ರಾಣಿಗಳ ವಿಷಯ ಹಾಗಿರಲಿ, ಮನುಷ್ಯರ ವಿಷಯವೂ ಇದೆ. ಖೆಡ್ಡಾಕ್ಕೆ ದಾರಿ ತೋರಿದ ಜೇನುಕುರುಬರ ಮಕ್ಕಳು ಮೊಮ್ಮಕ್ಕಳಿಗೆ ಅಣೆಕಟ್ಟಿನಿಂದಲೂ ರಾಷ್ಟ್ರೀಯ ಉದ್ಯಾನದಿಂದಲೂ ನೆಲ ತಪ್ಪಿತು. ಅವರನ್ನು ಕಾಡಿನಿಂದ ಹೊರಗೆ ಹೋಗಿರೆಂದು ಹೇಳುತ್ತಿದ್ದ ಕಾಲದಲ್ಲಿಯೇ, ನಾಗರಹೊಳೆಯ ಒಳಗಿನ ಮೂರ್ಕಲ್ಲಿನಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು ತಾಜ್ ಸಮೂಹದ ಹೋಟೆಲು ಸಂಸ್ಥೆಯೊಂದಕ್ಕೆ ಗುತ್ತಿಗೆಗೆ ಕೊಡಲಾಯಿತು. ಆದಿವಾಸಿಗಳು 1996ರಲ್ಲಿ ಚಳವಳಿ ಹೂಡಿ, ನ್ಯಾಯಾಲಯಕ್ಕೂ ಹೋದರು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದ ಈ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 1997ರಲ್ಲಿ ತೀರ್ಪಿತ್ತಿತು. ತೀರ್ಪಿನ ಕಾರಣ ತಾಂತ್ರಿಕವೆಂದು ಕೆಲವರು ಹೇಳುತ್ತಾರೆ. ಇರಬಹುದು. ಹಾಡಿಯವನಿಗೆ ಇಲ್ಲದ ಜಾಗ ಹೋಟೆಲಿಗೆ ಹೇಗೆ ಸಿಕ್ಕಿತೆಂಬ ಪ್ರಶ್ನೆಯಲ್ಲಿ ತಾಂತ್ರಿಕವಾದುದೇನೂ ಇಲ್ಲ.

ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕಿರ್ದಿ ನೋಡುವುದು ನನ್ನಂಥವರ ಅಭ್ಯಾಸ. ಭಾರತದ 10 ರಕ್ಷಿತಾರಣ್ಯಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಕೃತಿ ಕಾರಂತ ಮತ್ತು ರೂತ್ ಡಿಫ್ರೀಸ್ ಅವರ ಅಧ್ಯಯನವು, ಪ್ರವಾಸಿಗರ ಸಂಖ್ಯೆ ವರ್ಷಕ್ಕೆ ಸರಾಸರಿ ಶೇ. 15ರಷ್ಟು ಏರುತ್ತಿದ್ದರೂ ಸುತ್ತಲ ಜನರಿಗೆ ದೊರೆತ ಉದ್ಯೋಗ ಅತ್ಯಲ್ಪವೆಂದು ತೋರಿಸಿತು. 2006ರ ತಿದ್ದುಪಡಿಯಿಂದ ಪ್ರತಿ ಹುಲಿ ರಕ್ಷಿತಾರಣ್ಯಕ್ಕೂ ಒಂದು ಪ್ರತಿಷ್ಠಾನವಿರಬೇಕೆಂಬ ನಿಯಮ ಬಂದಿತ್ತು. ಬಂದ ಹಣವು ರಾಜ್ಯದ ಬೊಕ್ಕಸದಲ್ಲಿ ಕರಗಿಹೋಗದೆ ಕಾಡಿಗೂ ಕಾಡಂಚಿನ ಜನರಿಗೂ ಮರಳಲೆಂಬುದೇ ಅದರ ತಾತ್ಪರ್ಯ. 2012ರ ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯವು ಹುಲಿ ಅರಣ್ಯಗಳ ಗರ್ಭ ಪ್ರದೇಶದಲ್ಲಿ ಪ್ರವಾಸವನ್ನೇ ತಡೆಯಿತು. ಅಕ್ಟೋಬರದಲ್ಲಿ ಹೊಸ ಮಾರ್ಗಸೂಚಿಗಳು ಬಂದ ಬಳಿಕ ತಡೆ ತೆರವಾಯಿತು. ಗರ್ಭ ಪ್ರದೇಶದ ಶೇ. 20ಕ್ಕಿಂತ ಹೆಚ್ಚಿನ ಭಾಗದಲ್ಲಿ ಪ್ರವಾಸಿಗರಿಗೆ ಅವಕಾಶ ಕೂಡದೆಂಬುದೂ, ಅಲ್ಲಿ ಹೊಸ ಕಟ್ಟಡಗಳು ಏಳಬಾರದೆಂಬುದೂ ಅವುಗಳಲ್ಲಿ ಸೇರಿದ್ದವು. ನಿಯಮಗಳು ಒಳ್ಳೆಯವೇ. ಆದರೆ ಗರ್ಭ ಪ್ರದೇಶದ ಹೊರಗೆ, ಆನೆಗಳು ಓಡಾಡುವ ದಾರಿಗಳಲ್ಲಿ ಬೇಲಿ ಹಾಕಿಕೊಂಡ ವಿಲಾಸಗೃಹಗಳಿಗೆ ಈ ನಿಯಮದ ಬಿಸಿ ಅಷ್ಟಾಗಿ ತಟ್ಟಲಿಲ್ಲ.

2025ರಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದರು. ಸಫಾರಿ ವಾಹನಗಳ ಕಾಟದಿಂದಲೇ ಹುಲಿಗಳು ಹೊಲಗಳಿಗೆ ಬರುತ್ತಿವೆಯೆಂದು ಹಳ್ಳಿಗರು ಆಕ್ಷೇಪಿಸಿದರು. ಆ ವರ್ಷದ ನವೆಂಬರಿನಲ್ಲಿ ಸರ್ಕಾರವು ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಿ, ಅಲ್ಲಿನ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಹಚ್ಚಿತು. ಹುಲಿ ಹೊರಬರಲು ಜೀಪೊಂದೇ ಕಾರಣವೆಂದು ನಾನು ಒಪ್ಪಲಾರೆ. ಹುಲಿಗಳ ಸಂಖ್ಯೆ, ಕಾಡಂಚಿನ ದನಗಳು, ಲಂಟಾನದಿಂದ ಮುಚ್ಚಿಹೋದ ಮೇವಿನ ನೆಲ ಎಲ್ಲವೂ ಲೆಕ್ಕಕ್ಕೆ ಬರಬೇಕು. ಆದರೂ ಆ ಆಕ್ಷೇಪದ ಒಳಗಿದ್ದ ನೋವನ್ನು ಅರ್ಥಮಾಡಿಕೊಳ್ಳಬೇಕು. ಹುಲಿಯಿಂದ ಲಾಭ ಪಡೆಯುವವನು ಒಬ್ಬ, ಹುಲಿಯಿಂದ ಪ್ರಾಣ ಕಳೆದುಕೊಳ್ಳುವವನು ಇನ್ನೊಬ್ಬ.

ಲಾಭವೂ ಹೊರೆಯೂ ಒಂದೇ ಮನೆಯಲ್ಲಿ ಕೂಡಿರುವ ಊರೂ ಒಂದುಂಟು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆ, ಆಲ, ಅರಳಿ ಮರಗಳಲ್ಲಿ ತಲೆತಲಾಂತರದಿಂದ ಗೂಡು ಕಟ್ಟುತ್ತ ಬಂದಿವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಭಾವಿಸುತ್ತಾರೆ. ಭಾವನೆಯ ಜೊತೆಗೆ ಬೇಸಾಯದ ಲೆಕ್ಕವೂ ಇತ್ತು: ಹಿಕ್ಕೆ ಗದ್ದೆಗೆ ಒಳ್ಳೆಯ ಗೊಬ್ಬರ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಗೂಡಿರುವ ಮರದ ಹುಣಿಸೆಯನ್ನು ಕೀಳಲಾಗದ ಒಡೆಯನಿಗೆ ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿಯೂ ಬಂದಿತು. ತೊಂಬತ್ತರ ದಶಕದಲ್ಲಿ ಊರಿನ ಯುವಕರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕತೊಡಗಿದರು. 2007ರಲ್ಲಿ ಅದು ಸಮುದಾಯ ರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಇಲ್ಲಿಯೂ ಎಲ್ಲವೂ ಸುಗಮವಲ್ಲ. ಹುಣಿಸೆಯ ಬೆಲೆ ಏರಿದಾಗ ಪರಿಹಾರ ಸಾಲದೆನ್ನುವವರುಂಟು. 2017ರ ಕೊನೆಯಿಂದ ಕೆಲವು ತಿಂಗಳು ಹತ್ತಾರು ಹೆಜ್ಜಾರ್ಲೆಗಳು ಹೊಟ್ಟೆಯ ಹುಳುಗಳಿಂದ ಸತ್ತು ಬಿದ್ದುದನ್ನು ಊರು ಕಣ್ಣಾರೆ ಕಂಡಿತು.

ನಮ್ಮ ರಾಜಗೋಪಾಲನಗರದ, ಪೀಣ್ಯದ ಕಾರ್ಖಾನೆಗಳ ಕುಟುಂಬಗಳು ವಾರದ ರಜೆಗೆ ದೂರದ ವಿಲಾಸಗೃಹಗಳನ್ನೇ ಹುಡುಕಬೇಕಾಗಿಲ್ಲ. ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ ಸುಮಾರು 12 ಕಿಲೋಮೀಟರು ಹೋದರೆ ಕೊಕ್ಕರೆಬೆಳ್ಳೂರು. ಚಳಿಗಾಲದ ನಡುವಿನಿಂದ ಬೇಸಗೆಯವರೆಗೆ ಹಕ್ಕಿಗಳಿರುತ್ತವೆ. ಜೀಪು ಬೇಡ, ಬೀದಿಯಲ್ಲಿ ನಿಧಾನವಾಗಿ ನಡೆದು, ಮರದ ಕೆಳಗೆ ಸದ್ದು ಮಾಡದೆ ನಿಂತರೆ ಸಾಕು. ಊಟ, ತಿಂಡಿ, ಎಳನೀರನ್ನು ಆ ಊರಿನಲ್ಲಿಯೇ ಕೊಂಡುಕೊಳ್ಳಬೇಕು. ಮನೆಯೊಂದರ ಅಂಗಳದ ಮರವನ್ನು ನೋಡುವ ಮೊದಲು ಒಡತಿಯನ್ನು ಒಂದು ಮಾತು ಕೇಳಿ ಒಳಗೆ ಹೋಗಬೇಕು.