ಹಾನಿ ನಿಯಂತ್ರಣ ಶಸ್ತ್ರಚಿಕಿತ್ಸೆ

ಹಾನಿ ನಿಯಂತ್ರಣ ಶಸ್ತ್ರಚಿಕಿತ್ಸೆಯು ತೀವ್ರ ರಕ್ತಸ್ರಾವದಿಂದ ಕುಸಿಯುತ್ತಿರುವ ಗಾಯಾಳುವಿನ ಜೀವ ಉಳಿಸಲು ಅಂಗಗಳ ಪೂರ್ಣ ದುರಸ್ತಿಯನ್ನು ಉದ್ದೇಶಪೂರ್ವಕವಾಗಿ ಮುಂದೂಡುವ ವಿಧಾನ. ರಸ್ತೆ ಅಪಘಾತಗಳಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದಾಗ ಚರ್ಮ ಹರಿಯದಿದ್ದರೂ ಗುಲ್ಮ, ಯಕೃತ್ತು ಅಥವಾ ಕರುಳು ಸೀಳಬಹುದು. ಜೊತೆಗೆ ತಲೆ, ಎದೆ, ಸೊಂಟದ ಮೂಳೆಗಳಿಗೂ ಗಾಯವಾಗಿರುವುದುಂಟು. ರಕ್ತದೊತ್ತಡ ಸ್ಥಿರವಾಗಿರುವವರಲ್ಲಿ ಗುಲ್ಮ ಮತ್ತು ಯಕೃತ್ತಿನ ಗಾಯಗಳು ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುವುದರಿಂದ ಈ ವಿಧಾನ ಎಲ್ಲರಿಗೂ ಅನ್ವಯಿಸುವುದಿಲ್ಲ.

ದೇಹದ ಉಷ್ಣತೆ ಇಳಿಯುವುದು, ರಕ್ತದ ಆಮ್ಲೀಯತೆ ಹೆಚ್ಚುವುದು, ರಕ್ತ ಹೆಪ್ಪುಗಟ್ಟದಿರುವುದು ಈ ಮೂರೂ ಒಂದನ್ನೊಂದು ಉಲ್ಬಣಗೊಳಿಸುತ್ತವೆ. ಆ ಸ್ಥಿತಿಯಲ್ಲಿ ಗಂಟೆಗಟ್ಟಲೆ ನಡೆಸುವ ಅಚ್ಚುಕಟ್ಟಾದ ಶಸ್ತ್ರಚಿಕಿತ್ಸೆಯೇ ಮಾರಕವಾಗಬಲ್ಲದು. ಆದುದರಿಂದ ಮೊದಲ ಹಂತದಲ್ಲಿ ಸೀಳಿದ ಗುಲ್ಮವನ್ನು ತೆಗೆದು, ಯಕೃತ್ತಿನ ಸುತ್ತ ಬಟ್ಟೆಯ ಪ್ಯಾಡುಗಳನ್ನು ಒತ್ತಿಟ್ಟು, ಹರಿದ ಕರುಳಿನ ತುದಿಗಳನ್ನು ಜೋಡಿಸದೆ ಕೇವಲ ಮುಚ್ಚಲಾಗುತ್ತದೆ. ಉದರವನ್ನು ಬಿಗಿಯಾಗಿ ಹೊಲಿದರೆ ಊದಿಕೊಂಡ ಕರುಳಿನ ಒತ್ತಡದಿಂದ ಮೂತ್ರಪಿಂಡ ಮತ್ತು ಉಸಿರಾಟ ಕೆಡಬಹುದಾದ ಕಾರಣ ತಾತ್ಕಾಲಿಕ ಹೊದಿಕೆಯನ್ನಷ್ಟೇ ಹಾಕುತ್ತಾರೆ. ಬಳಿಕ ತೀವ್ರ ನಿಗಾ ಘಟಕದಲ್ಲಿ ದೇಹವನ್ನು ಬೆಚ್ಚಗಾಗಿಸಿ, ರಕ್ತ ಮತ್ತು ಪ್ಲಾಸ್ಮಾ ನೀಡಲಾಗುತ್ತದೆ. ಸಾಮಾನ್ಯವಾಗಿ 24ರಿಂದ 48 ಗಂಟೆಗಳ ನಂತರ ಪ್ಯಾಡುಗಳನ್ನು ತೆಗೆದು, ಉಳಿದ ದುರಸ್ತಿಯನ್ನು ಪೂರೈಸುತ್ತಾರೆ.

ರಕ್ತ ಹೆಪ್ಪುಗಟ್ಟದಿದ್ದಾಗ ಶಸ್ತ್ರಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವ ಕ್ರಮವನ್ನು 1983ರಲ್ಲಿ ಅಮೆರಿಕದ ಹಾರ್ಲನ್ ಸ್ಟೋನ್ ಮತ್ತು ಸಂಗಡಿಗರು ವಿವರಿಸಿದರು. 1993ರಲ್ಲಿ ಮೈಕಲ್ ರೊಟೊಂಡೊ, ವಿಲಿಯಂ ಶ್ವಾಬ್ ಮೊದಲಾದವರ ಲೇಖನದಿಂದ ಇಂದಿನ ಹೆಸರು ಪ್ರಚಲಿತವಾಯಿತು. ಅದು ನೌಕಾಪಡೆಯ ಮಾತು: ತೂತು ಬಿದ್ದ ಹಡಗನ್ನು ಬಂದರು ಸೇರುವವರೆಗೆ ಮುಳುಗದಂತೆ ಕಾಯುವ ಕೆಲಸ.