ದೂರಿನ ಮಾತು, ದಾವೆಯ ಎಲ್ಲೆ: ಅಮೆರಿಕದ ಒಂದು ಕಾರ್ಯವಿಧಾನದ ತಕರಾರು

ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯದಡಿ, ಕೆಲಸದಲ್ಲಿ ಜನಾಂಗ ಅಥವಾ ಲಿಂಗದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ನೇರವಾಗಿ ನ್ಯಾಯಾಲಯದ ಮೆಟ್ಟಿಲೇರುವಂತಿಲ್ಲ; ಮೊದಲು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಬೇಕು. ಬಹುಮಟ್ಟಿಗೆ ವಕೀಲರ ನೆರವಿಲ್ಲದೆ ಬರೆದ ಆ ದೂರಿನ ಮಾತುಗಳು ಮುಂದಿನ ದಾವೆಯನ್ನು ಎಷ್ಟು ಕಟ್ಟಿಹಾಕಬೇಕು? ಮೇಲ್ನೋಟಕ್ಕೆ ಇದು ಗುಮಾಸ್ತರ ಮಟ್ಟದ ತಾಂತ್ರಿಕ ಪ್ರಶ್ನೆ. ಆದರೆ ಕಪ್ಪು ಮಹಿಳೆಯರ ಮೊಕದ್ದಮೆಗಳಲ್ಲಿ ಪ್ರಕರಣದ ಹಣೆಬರಹ ನಿರ್ಧಾರವಾದದ್ದು ಇಲ್ಲಿಯೇ ಎಂಬುದು ನನ್ನ ವಾದ. 1970ರ ಸ್ಯಾಂಚೆಜ್ ವಿರುದ್ಧ ಸ್ಟ್ಯಾಂಡರ್ಡ್ ಬ್ರ್ಯಾಂಡ್ಸ್ ಪ್ರಕರಣದಲ್ಲಿ ದೂರುದಾರಳು ನಮೂನೆಯಲ್ಲಿ 'ಲಿಂಗ' ಎಂಬ ಚೌಕಕ್ಕಷ್ಟೇ ಗುರುತು ಹಾಕಿ, ರಾಷ್ಟ್ರೀಯ ಮೂಲದ ಆರೋಪವನ್ನು ಆಮೇಲೆ ಸೇರಿಸಿದ್ದಳು. ಐದನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ತಾಂತ್ರಿಕ ಲೋಪವೆಂದು ಬಗೆದು, ದಾವೆಯನ್ನು ಉಳಿಸಿತು. 1983ರ ಮೂರ್ ವಿರುದ್ಧ ಹ್ಯೂಸ್ ಹೆಲಿಕಾಪ್ಟರ್ಸ್ ಪ್ರಕರಣದಲ್ಲಿ ಒಂಬತ್ತನೆಯ ಸರ್ಕ್ಯೂಟ್ ಈ ಔದಾರ್ಯ ತೋರಲಿಲ್ಲ. ಅರ್ಜಿದಾರಳು ಆಯೋಗದ ಮುಂದೆ 'ಕಪ್ಪು ಮಹಿಳೆ'ಯಾಗಿ ದೂರಿದ್ದಳೇ ಹೊರತು ಬರೀ 'ಮಹಿಳೆ'ಯಾಗಿ ಅಲ್ಲ; ಆದ್ದರಿಂದ ಬಿಳಿಯ ಮಹಿಳೆಯರನ್ನು ಅವಳು ಸಮರ್ಪಕವಾಗಿ ಪ್ರತಿನಿಧಿಸುವಳೇ ಎಂಬ ಸಂಶಯವೆತ್ತಿ, ಎಲ್ಲ ಮಹಿಳೆಯರ ಪರವಾದ ಸಾಮೂಹಿಕ ದಾವೆಗೆ ಅವಕಾಶ ನಿರಾಕರಿಸಿತು. ಇದರ ಪೆಟ್ಟು ಪುರಾವೆಗೂ ತಗುಲಿತು. ಬಡ್ತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಇದ್ದ ಅಂತರದ ಅಂಕಿಅಂಶಗಳು ಕೈತಪ್ಪಿದವು. ಕಪ್ಪು ಮಹಿಳೆಯರ ಸಣ್ಣ ಗುಂಪಿನ ಲೆಕ್ಕವಷ್ಟೇ ಉಳಿಯಿತು.

ಸಾಮೂಹಿಕ ದಾವೆಯ ತೀರ್ಪು ಗೈರುಹಾಜರಿದ್ದವರನ್ನೂ ಬಂಧಿಸುವುದರಿಂದ ಪ್ರತಿನಿಧಿಯನ್ನು ಒರೆಗೆ ಹಚ್ಚಲೇಬೇಕು ಎಂಬ ಆಕ್ಷೇಪ ಹಗುರವಾದುದಲ್ಲ. ಬಡ್ತಿ ಸಿಗದ ನೌಕರನೊಬ್ಬ ಕೆಲಸವೇ ಸಿಗದವರ ಪರ ನಿಲ್ಲುವುದನ್ನು ಸುಪ್ರೀಂ ಕೋರ್ಟ್ 1982ರ ಫಾಲ್ಕನ್ ತೀರ್ಪಿನಲ್ಲಿ ಸುಲಭಕ್ಕೆ ಒಪ್ಪದಿದ್ದದ್ದು ಇದೇ ಕಾಳಜಿಯಿಂದ. ಆದರೆ ಅಲ್ಲಿ ಬೇರೆಯಾಗಿದ್ದದ್ದು ಆದ ಅನ್ಯಾಯದ ಬಗೆ. ಮೂರ್ ಪ್ರಕರಣದಲ್ಲಿ ಬೇರೆಯೆಂದು ಕಂಡದ್ದು ದೂರಿದವಳ ಗುರುತು. ತನ್ನ ಜನಾಂಗವನ್ನೇ ಹೆಸರಿಸದೆ 'ಮಹಿಳೆ' ಎಂದಷ್ಟೇ ಬರೆಯುವ ಬಿಳಿಯ ದೂರುದಾರಳಿಗೆ ಈ ಸಂಶಯ ಎದುರಾಗುವುದೇ ಇಲ್ಲ. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಬೊಟ್ಟುಮಾಡಿದ ಅಸಮತೆ ಇದು. ಹಾಗೆಂದು 'ಕಪ್ಪು ಮಹಿಳೆ' ಎಂಬ ಪ್ರತ್ಯೇಕ ಹಕ್ಕನ್ನಾದರೂ ನ್ಯಾಯಾಲಯಗಳು ಮನಃಪೂರ್ವಕ ಮಾನ್ಯಮಾಡಿದ್ದವೇ? 1976ರಲ್ಲಿ ಜನರಲ್ ಮೋಟರ್ಸ್ ವಿರುದ್ಧದ ಡಿಗ್ರಾಫನ್‌ರೈಡ್ ದಾವೆಯಲ್ಲಿ, ಜನಾಂಗ, ಲಿಂಗ ಎಂಬ ಎರಡು ಆಧಾರಗಳನ್ನು ಬೆಸೆಯಲು ಕಾನೂನಿನಲ್ಲಿ ಎಡೆಯಿಲ್ಲವೆಂದು ಮಿಸೌರಿಯ ಜಿಲ್ಲಾ ನ್ಯಾಯಾಲಯ ಹೇಳಿತ್ತು. 1980ರ ಜೆಫ್ರೀಸ್ ತೀರ್ಪು ಅಂಥ ಹಕ್ಕನ್ನು ಒಪ್ಪಿತಾದರೂ ಅದು ಐದನೆಯ ಸರ್ಕ್ಯೂಟಿನದು; ಮೂರ್ ಪ್ರಕರಣದ ಒಂಬತ್ತನೆಯ ಸರ್ಕ್ಯೂಟನ್ನು ಬಂಧಿಸುವಂಥದಲ್ಲ. ಇನ್ನು ಪ್ರಾತಿನಿಧ್ಯದ ಆಕ್ಷೇಪಕ್ಕೆ ಬಂದರೆ, ಹಿತಾಸಕ್ತಿಗಳು ನಿಜಕ್ಕೂ ಘರ್ಷಿಸುವಲ್ಲಿ ದಾವೆ ಪ್ರತಿನಿಧಿಸುವ ವರ್ಗವನ್ನು ಉಪವರ್ಗಗಳಾಗಿ ಒಡೆಯಲು ಸಾಮೂಹಿಕ ದಾವೆಗಳನ್ನು ಕುರಿತ ಫೆಡರಲ್ ಸಿವಿಲ್ ಕಾರ್ಯವಿಧಾನದ 23ನೆಯ ನಿಯಮವೇ ಅವಕಾಶ ಕೊಡುತ್ತದೆ; ಪುರಾವೆಯನ್ನು ಮೊಟಕುಗೊಳಿಸದೆಯೂ ಗೈರುಹಾಜರಿದ್ದವರನ್ನು ಕಾಯಬಹುದಿತ್ತು.