ಕಳ್ಳತನ ಎಲ್ಲರಿಗೂ ಕಾಣ್ತಿತ್ತು, ಮುಟ್ಟೋಕಾಗ್ತಿರ್ಲಿಲ್ಲ: ಎಥೀರಿಯಂ ಎರಡಾದ ಕಥೆ

1/8

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ನನ್ನ ಫ್ರೆಂಡ್ ಒಬ್ಬ ರೂಮಿನ ಬಾಗಿಲು ಬಡಿದ. ಮುಖ ಬಿಳಿಚಿಕೊಂಡಿತ್ತು. ಮೆಸ್ ಬಿಲ್ ಕಟ್ಟು ಅಂತ ಮನೆಯಿಂದ ಕಳಿಸಿದ್ದ 9,000 ರೂಪಾಯಿಗೆ ಈಥರ್ ಕೊಂಡು, ಮೆಸೇಜಲ್ಲಿ ಬಂದ ಯಾವುದೋ ಲಿಂಕ್ ನಂಬಿ, ಗೊತ್ತಿಲ್ಲದ ವಿಳಾಸಕ್ಕೆ ಕಳಿಸಿಬಿಟ್ಟಿದ್ದ. ಫೋನ್ ಮುಂದೆ ಹಿಡಿದ. "ನೋಡು ಮಗಾ, ದುಡ್ಡು ಇಲ್ಲೇ ಇದೆ. ಕಾಣ್ತಿದೆ. ವಾಪಸ್ ಬೇಕು ಅಂದ್ರೆ ಯಾರಿಗೆ ಹೇಳ್ಬೇಕು?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಹೋದ ಸೀರೀಸಲ್ಲಿ ನಾನೇ ಇಲ್ಲಿ ಬರೆದಿದ್ದೆ: ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ಬರೆದದ್ದನ್ನ ಯಾರೂ ಬದಲಾಯಿಸೋಕಾಗಲ್ಲ ಅಂತ. ತುಂಬಾ ಜನ ಲೈಕ್ ಮಾಡಿದ್ರಿ. ಆದ್ರೆ ಅದು ಅರ್ಧ ಸತ್ಯ. ನನ್ನ ಫ್ರೆಂಡ್ ಈಥರ್ ಕಳಿಸಿದ ಅದೇ ನೆಟ್‌ವರ್ಕ್‌ನಲ್ಲಿ, 2016ರಲ್ಲಿ, ಕಳುವಾದ ದುಡ್ಡನ್ನ ಎತ್ತಿ ಕಳಕೊಂಡವರಿಗೆ ವಾಪಸ್ ಕೊಟ್ಟಿದ್ದಾರೆ. ಅದಕ್ಕಾಗಿ ಇಡೀ ನೆಟ್‌ವರ್ಕೇ ಎರಡು ಹೋಳಾಯ್ತು.

ಅಕೌಂಟೆನ್ಸಿಯಲ್ಲಿ ತಪ್ಪು ಎಂಟ್ರಿ ಆದ್ರೆ ಕೆರೆದು ಅಳಿಸೋ ಹಾಗಿಲ್ಲ, ರೆಕ್ಟಿಫಿಕೇಶನ್ ಎಂಟ್ರಿ ಬರೀಬೇಕು. ಈ ಎಂಟು ಪೋಸ್ಟ್‌ಗಳು ನನ್ನ ರೆಕ್ಟಿಫಿಕೇಶನ್ ಎಂಟ್ರಿ ಅಂದ್ಕೊಳ್ಳಿ. ಪೂರ್ತಿ ಓದಿ 👇

2/8

ಮೊದಲು ಹಿನ್ನೆಲೆ. ಎಥೀರಿಯಂ ಶುರುವಾಗಿದ್ದು 2015ರ ಜುಲೈ 30ರಂದು. ಅದರ ಕಲ್ಪನೆಯನ್ನ 2013ರಲ್ಲಿ ಬರೆದಿಟ್ಟ ವಿಟಾಲಿಕ್ ಬುಟೆರಿನ್‌ಗೆ ಆಗ ಬರೀ 19 ವರ್ಷ. ಹೌದು, ನಮಗಿಂತ ಚಿಕ್ಕವನು.

ಬಿಟ್‌ಕಾಯಿನ್ ಮುಖ್ಯವಾಗಿ ದುಡ್ಡಿನ ಲೆಕ್ಕದ ಪುಸ್ತಕ. ಎಥೀರಿಯಂನಲ್ಲಿ ಲೆಕ್ಕದ ಜೊತೆಗೆ ಕರಾರನ್ನೂ ಕೋಡ್ ಆಗಿ ಬರೆದಿಡಬಹುದು. ಇಂಥ ಷರತ್ತು ಪೂರೈಸಿದ್ರೆ ಇಷ್ಟು ದುಡ್ಡು ಇವರಿಗೆ ಹೋಗಲಿ ಅಂತ ಬರೆದಿಟ್ರೆ ಸಾಕು, ಅದು ತಾನಾಗೇ ನಡೆಯುತ್ತೆ. ಮ್ಯಾನೇಜರ್ ಬೇಡ, ವಕೀಲರು ಬೇಡ. ಇದಕ್ಕೆ ಸ್ಮಾರ್ಟ್ ಕಾಂಟ್ರಾಕ್ಟ್ ಅಂತಾರೆ.

2016ರ ಏಪ್ರಿಲ್ ಕೊನೆಗೆ ಇದರ ಮೇಲೆ 'ದಿ ಡಾವೋ' ಅನ್ನೋ ಹೂಡಿಕೆ ನಿಧಿ ಶುರುವಾಯ್ತು. ಕೋಡ್ ಬರೆದದ್ದು ಜರ್ಮನಿಯ ಸ್ಲಾಕ್.ಇಟ್ ಅನ್ನೋ ಕಂಪನಿಯವರು. ಈಥರ್ ಹಾಕಿ, ಟೋಕನ್ ತಗೊಳ್ಳಿ, ಯಾವ ಯೋಜನೆಗೆ ದುಡ್ಡು ಕೊಡಬೇಕು ಅಂತ ನೀವೇ ಮತ ಹಾಕಿ. ಕಂಪನಿ ಲಾ ಓದ್ತಿರೋ ನಮಗೆ ಇದು ಶೇರುದಾರರ ಸಭೆ ಥರಾನೇ ಕಾಣುತ್ತೆ. ವ್ಯತ್ಯಾಸ ಏನಂದ್ರೆ ಇಲ್ಲಿ ಡೈರೆಕ್ಟರ್ ಇಲ್ಲ, ಆಡಿಟರ್ ಇಲ್ಲ, ಕೋರ್ಟ್ ಗುರುತಿಸೋ ಕಂಪನಿಯೂ ಇಲ್ಲ.

28 ದಿನದಲ್ಲಿ ಸೇರಿದ ದುಡ್ಡು ಸುಮಾರು 15 ಕೋಟಿ ಡಾಲರ್. ಆಗ ಜಗತ್ತಿನಲ್ಲಿದ್ದ ಒಟ್ಟು ಈಥರ್‌ನಲ್ಲಿ ಸುಮಾರು 14% ಈ ಒಂದೇ ನಿಧಿಯಲ್ಲಿತ್ತು. ಈ 14% ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

3/8

ಎಚ್ಚರಿಕೆ ಯಾರೂ ಕೊಡಲಿಲ್ಲ ಅಂತಲ್ಲ. ಮೇ ಕೊನೆಯಲ್ಲೇ ಎಮಿನ್ ಗುನ್ ಸಿರೆರ್, ವ್ಲಾಡ್ ಜಾಂಫಿರ್, ಡಿನೋ ಮಾರ್ಕ್ ಮೂವರೂ ಸೇರಿ "ಇದರ ಮತದಾನದ ವ್ಯವಸ್ಥೆಯಲ್ಲಿ ದೋಷಗಳಿವೆ, ಸದ್ಯಕ್ಕೆ ನಿಲ್ಲಿಸಿ" ಅಂತ ಬರೆದಿದ್ರು. ಜೂನ್ ಮೊದಲಲ್ಲಿ ಇನ್ನೊಂದು ಥರದ ತೂತಿನ ಬಗ್ಗೆಯೂ ಚರ್ಚೆ ಬಂತು. ದಿ ಡಾವೋ ದುಡ್ಡಿಗೆ ಅಪಾಯ ಇಲ್ಲ ಅಂತ ಸ್ಲಾಕ್.ಇಟ್ ಕಡೆಯಿಂದ ಭರವಸೆ ಬಂತು.

ಆ ತೂತು ಏನು? ಬ್ಯಾಂಕ್ ಕೌಂಟರ್ ಒಂದನ್ನ ಊಹಿಸಿಕೊಳ್ಳಿ. ಕ್ಯಾಶಿಯರ್ ಮೊದಲು ನೋಟು ಎಣಿಸಿ ಕೊಡ್ತಾನೆ, ಆಮೇಲೆ ಲೆಡ್ಜರಲ್ಲಿ ಬ್ಯಾಲೆನ್ಸ್ ಕಳೀತಾನೆ. ನೀವು ನೋಟು ಕೈಗೆ ಬಂದ ತಕ್ಷಣ, ಅವನು ಪೆನ್ ಎತ್ತೋ ಮೊದಲೇ "ಇನ್ನೊಂದ್ಸಲ ಕೊಡಿ" ಅಂತೀರಿ. ಲೆಡ್ಜರಲ್ಲಿ ಹಳೇ ಬ್ಯಾಲೆನ್ಸೇ ಇದೆ, ಅವನು ಮತ್ತೆ ಕೊಡ್ತಾನೆ. ಮತ್ತೆ ಕೇಳ್ತೀರಿ. ಮತ್ತೆ ಕೊಡ್ತಾನೆ. ಮನುಷ್ಯನಾದ್ರೆ ಎರಡನೇ ಸಲಕ್ಕೇ ಮುಖ ನೋಡ್ತಿದ್ದ. ಕೋಡ್ ಮುಖ ನೋಡಲ್ಲ.

2016ರ ಜೂನ್ 17ರಂದು ಯಾರೋ ಒಬ್ಬರು ಹೀಗೇ ಕೇಳೋಕೆ ಶುರು ಮಾಡಿದ್ರು. ಗಂಟೆಗಟ್ಟಲೆ ನಡೀತು. ಹೋದದ್ದು ಸುಮಾರು 36 ಲಕ್ಷ ಈಥರ್, ಅಂದ್ರೆ 5 ಕೋಟಿ ಡಾಲರ್‌ಗೂ ಮೇಲೆ. ಇಡೀ ಜಗತ್ತು ಸ್ಕ್ರೀನ್ ಮೇಲೆ ನೇರಪ್ರಸಾರ ನೋಡ್ತಿತ್ತು. 20 ಡಾಲರ್ ಮೇಲಿದ್ದ ಈಥರ್ ಬೆಲೆ ದಡಬಡ ಕುಸೀತು.

ಒಂದೇ ಒಂದು ಪುಣ್ಯ. ನಿಧಿಯ ನಿಯಮದ ಪ್ರಕಾರ ಆ ದುಡ್ಡು ಒಂದು 'ಮರಿ ಡಾವೋ'ಗೆ ಹೋಗಿ ಕೂತಿತ್ತು. ಅಲ್ಲಿಂದ ಹೊರತೆಗೆಯೋಕೆ ಕಳ್ಳನೂ ಸುಮಾರು ನಾಲ್ಕು ವಾರ ಕಾಯಬೇಕಿತ್ತು. ದುಡ್ಡು ಕಣ್ಣೆದುರೇ ಇದೆ, ಕೈಗೆ ಸಿಗ್ತಿಲ್ಲ. ನನ್ನ ಫ್ರೆಂಡ್ ಫೋನಿನ ಥರಾನೇ.

4/8

ಈಗ ಅಸಲಿ ಜಗಳ ಶುರು.

ಒಂದು ಕಡೆಯವರು ಹೇಳಿದ್ದು: ಇದು ಕಳ್ಳತನ. ಸಾವಿರಾರು ಜನರ ದುಡ್ಡು. ತಡೆಯೋ ಶಕ್ತಿ ಇದ್ದೂ ಸುಮ್ಮನೆ ಕೂರೋದು ತಪ್ಪು.

ಇನ್ನೊಂದು ಕಡೆಯವರು ಹೇಳಿದ್ದು: ದಿ ಡಾವೋ ಷರತ್ತುಗಳನ್ನೇ ಓದಿ. ವಿವರಣೆಗಳೆಲ್ಲ ತಿಳಿವಳಿಕೆಗೆ ಮಾತ್ರ, ಅಂತಿಮ ಮಾತು ಕೋಡಿನದ್ದೇ ಅಂತ ಅದರಲ್ಲೇ ಬರೆದಿದೆ. ಕೋಡ್ ದುಡ್ಡು ಕೊಟ್ಟಿದೆ, ಅವನು ತಗೊಂಡಿದ್ದಾನೆ. ಇದರಲ್ಲಿ ಕಳ್ಳತನ ಎಲ್ಲಿಂದ ಬಂತು? ಮರುದಿನ ದಾಳಿಕೋರನ ಹೆಸರಲ್ಲಿ ಒಂದು ಬಹಿರಂಗ ಪತ್ರವೂ ಓಡಾಡಿತು, ಇದೇ ವಾದ ಮಾಡಿ, ಕೇಸ್ ಹಾಕ್ತೀನಿ ಅಂತ ಬೆದರಿಸಿ. ಅದರ ಡಿಜಿಟಲ್ ಸಹಿ ತಾಳೆಯಾಗಲಿಲ್ಲ, ಹಾಗಾಗಿ ಬರೆದದ್ದು ಅವನೇನಾ ಅನ್ನೋದು ಸಾಬೀತಾಗಲಿಲ್ಲ.

ಈ ನಡುವೆ ಒಂದು ಗುಂಪು, ತಮ್ಮನ್ನ ರಾಬಿನ್ ಹುಡ್ ಗುಂಪು ಅಂತ ಕರ್ಕೊಂಡವರು, ಅದೇ ತೂತು ಬಳಸಿ ನಿಧಿಯಲ್ಲಿ ಉಳಿದಿದ್ದ 70 ಲಕ್ಷಕ್ಕೂ ಹೆಚ್ಚು ಈಥರನ್ನ ತಾವೇ ಎತ್ತಿಟ್ರು. ಮಾಲೀಕರಿಗೆ ವಾಪಸ್ ಕೊಡೋಕೆ. ಅದೇ ಕೋಡ್, ಅದೇ ತಂತ್ರ. ಒಬ್ಬ ಮಾಡಿದ್ರೆ ಕಳ್ಳತನ, ಇನ್ನೊಬ್ಬರು ಮಾಡಿದ್ರೆ ರಕ್ಷಣೆ. ಈ ವ್ಯತ್ಯಾಸ ಕೋಡಿಗೆ ಗೊತ್ತಾಗಲ್ಲ, ಮನುಷ್ಯರಿಗೆ ಮಾತ್ರ ಗೊತ್ತಾಗುತ್ತೆ. ಇಡೀ ಕಥೆಯ ಕೀಲಿ ಇರೋದು ಇಲ್ಲೇ ಅಂತ ನನಗನಿಸುತ್ತೆ.

ಮೊದಲು ಸಾಫ್ಟ್ ಫೋರ್ಕ್ ಮಾಡಿ ಕಳ್ಳನ ಖಾತೆ ಫ್ರೀಜ್ ಮಾಡೋಣ ಅಂದ್ರು. ಆ ತಿದ್ದುಪಡಿಯಲ್ಲೇ ಇನ್ನೊಂದು ತೂತು ಸಿಕ್ತು, ಕೈಬಿಟ್ರು. ಉಳಿದದ್ದು ಹಾರ್ಡ್ ಫೋರ್ಕ್ ಒಂದೇ: ಎಲ್ಲರ ಕಂಪ್ಯೂಟರಲ್ಲೂ ನೆಟ್‌ವರ್ಕಿನ ನಿಯಮವನ್ನೇ ಬದಲಾಯಿಸೋದು.

5/8

ಇಂಟರ್ನೆಟ್‌ನಲ್ಲಿ ಮತದಾನ ನಡೀತು. ತಲೆಗೊಂದು ಓಟಲ್ಲ, ಈಥರ್‌ಗೊಂದು ಓಟು. ಶೇರು ಜಾಸ್ತಿ ಇದ್ದವರ ಮಾತು ಜಾಸ್ತಿ ನಡೆಯೋ ಹಾಗೆ. ಚಲಾವಣೆಯಾದ ಮತದಲ್ಲಿ ಸುಮಾರು 87% ಫೋರ್ಕ್ ಪರ. ಆದ್ರೆ ಮತಕ್ಕೆ ಬಂದದ್ದೇ ಒಟ್ಟು ಈಥರ್‌ನ ಸಣ್ಣ ಭಾಗ. ಇದನ್ನ ಜನಾದೇಶ ಅನ್ನಬಹುದಾ ಅಂತ ಜಗಳ ಇವತ್ತಿಗೂ ಮುಗಿದಿಲ್ಲ.

2016ರ ಜುಲೈ 20, ಬ್ಲಾಕ್ ನಂಬರ್ 19,20,000. ಫೋರ್ಕ್ ಆಯ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ಸರಿ ಮಾಡ್ಬೇಕು. ಹಳೇ ಇತಿಹಾಸ ಅಳಿಸಿ ಹಾಕಿದ್ರು ಅಂತ ತುಂಬಾ ಕಡೆ ಬರೀತಾರೆ. ಅಳಿಸಿಲ್ಲ. ಜೂನ್ 17ರ ದಾಳಿಯ ಒಂದೊಂದು ವಹಿವಾಟೂ ಇವತ್ತಿಗೂ ಎಥೀರಿಯಂನಲ್ಲಿ ಹಾಗೇ ಇದೆ. ಅವರು ಮಾಡಿದ್ದು ಇಷ್ಟು: ದಿ ಡಾವೋ ಮತ್ತು ಅದರ ಮರಿಗಳ ಖಾತೆಯಲ್ಲಿದ್ದ ಈಥರನ್ನ ಆ ಒಂದು ಬ್ಲಾಕಿನಲ್ಲಿ ಎತ್ತಿ, ರೀಫಂಡ್ ಕಾಂಟ್ರಾಕ್ಟ್ ಒಂದಕ್ಕೆ ಹಾಕಿದ್ರು. 100 ಟೋಕನ್ ವಾಪಸ್ ಕೊಟ್ರೆ 1 ಈಥರ್.

ಅಂದ್ರೆ ರಬ್ಬರ್ ಹಾಕಲಿಲ್ಲ. ಪಕ್ಕಾ ರೆಕ್ಟಿಫಿಕೇಶನ್ ಎಂಟ್ರಿ. ಆದ್ರೆ ಒಂದು ವಿಷಯದಲ್ಲಿ ನಮ್ಮ ಪಠ್ಯದ ಎಂಟ್ರಿಗಿಂತ ಬೇರೆ: ಖಾತೆದಾರನ ಸಹಿ ಇಲ್ಲದೆ, ಕೋರ್ಟ್ ಆದೇಶ ಇಲ್ಲದೆ, ಪುಸ್ತಕ ಇಟ್ಟುಕೊಂಡವರೇ ಸೇರಿ ಬರೆದ ಎಂಟ್ರಿ. ಸಹಿ ಇಲ್ಲದೆ ದುಡ್ಡು ಅಲುಗಾಡಲ್ಲ ಅನ್ನೋದೇ ತಾನೇ ಈ ವ್ಯವಸ್ಥೆಯ ಮೊದಲ ಪಾಠ?

6/8

ಹೆಚ್ಚಿನ ಮೈನರ್‌ಗಳು ಹೊಸ ನಿಯಮಕ್ಕೆ ಹೋದ್ರು. ಹಳೇ ಸರಪಳಿ ತಾನಾಗೇ ಸಾಯುತ್ತೆ ಅಂದ್ಕೊಂಡಿದ್ರು. ಸಾಯಲಿಲ್ಲ. "ನಾವು ಈ ಎಂಟ್ರಿ ಒಪ್ಪಲ್ಲ" ಅಂತ ಒಂದಷ್ಟು ಜನ ಹಳೇ ಪುಸ್ತಕವನ್ನೇ ಮುಂದುವರಿಸಿದ್ರು. ಕೆಲವೇ ದಿನದಲ್ಲಿ ಪೊಲೊನಿಯೆಕ್ಸ್ ಅನ್ನೋ ದೊಡ್ಡ ಎಕ್ಸ್‌ಚೇಂಜ್ ಅದರ ವ್ಯಾಪಾರ ಶುರು ಮಾಡಿತು. ಅದಕ್ಕೆ ಬಂದ ಹೆಸರು ಎಥೀರಿಯಂ ಕ್ಲಾಸಿಕ್. ಆ ಪುಸ್ತಕದಲ್ಲಿ 36 ಲಕ್ಷ ಇನ್ನೂ ದಾಳಿಕೋರನ ಹೆಸರಲ್ಲೇ ಉಳೀತು.

ಎರಡು ಪುಸ್ತಕ ಅಂದ್ರೆ ಎರಡು ಬಗೆಯ ನಾಣ್ಯ. ಫೋರ್ಕ್ ಮೊದಲು 10 ಈಥರ್ ಇದ್ದವರಿಗೆ ಈಗ 10 ಈಥರ್, ಜೊತೆಗೆ 10 ಕ್ಲಾಸಿಕ್. ಬಿಟ್ಟಿ ಬೋನಸ್ ಶೇರ್ ಸಿಕ್ಕ ಹಾಗೆ. ಆದ್ರೆ ಇದರ ಜೊತೆಗೊಂದು ಕಾಟವೂ ಬಂತು. ಎರಡೂ ಕಡೆ ಖಾತೆ ಒಂದೇ, ಸಹಿ ಒಂದೇ. ನೀವು ಒಂದು ಕಡೆ ಸಹಿ ಹಾಕಿ ಈಥರ್ ಕಳಿಸಿದ್ರೆ, ಆ ಸಹಿಯನ್ನ ಯಾರು ಬೇಕಾದ್ರೂ ಕಾಪಿ ಮಾಡಿ ಇನ್ನೊಂದು ಕಡೆ ಓಡಿಸಬಹುದು. ನಿಮಗೆ ಗೊತ್ತಿಲ್ಲದೇ ನಿಮ್ಮ ಕ್ಲಾಸಿಕ್ ಕೂಡ ಹೋಯ್ತು! ಒಂದೇ ಚೆಕ್ ಎರಡು ಬ್ಯಾಂಕಲ್ಲಿ ಪಾಸ್ ಆದ ಹಾಗೆ. ಇದಕ್ಕೆ ರಿಪ್ಲೇ ದಾಳಿ ಅಂತಾರೆ. ಕೆಲವು ಎಕ್ಸ್‌ಚೇಂಜ್‌ಗಳೇ ಇದರಲ್ಲಿ ನಾಣ್ಯ ಕಳಕೊಂಡವು. ಎಥೀರಿಯಂನಲ್ಲಿ ಸಹಿಯ ಜೊತೆ ಯಾವ ಸರಪಳಿ ಅಂತ ನಂಬರ್ ಸೇರಿಸೋ ವ್ಯವಸ್ಥೆ ಬಂದದ್ದು ಅದೇ ನವೆಂಬರಲ್ಲಿ.

7/8

ಇದನ್ನ ಮೊದಲ ಸಲ ಓದಿದಾಗ ನಾನು ಪೂರ್ತಿ ಕ್ಲಾಸಿಕ್ ಪಕ್ಷ. ನಿಯಮ ಅಂದ್ರೆ ನಿಯಮ, ಅಲ್ವಾ? ಆಮೇಲೆ ಎರಡು ಘಟನೆ ಓದಿ ಗೊಂದಲಕ್ಕೆ ಬಿದ್ದೆ.

ಮೊದಲನೆಯದು ಕ್ಲಾಸಿಕ್‌ನದ್ದೇ. ಸರಪಳಿ ಕಾಯೋ ಮೈನರ್‌ಗಳು ಕಡಿಮೆ ಇದ್ರೆ, ಬಾಡಿಗೆ ಕಂಪ್ಯೂಟರ್ ಶಕ್ತಿ ತಂದು ಅರ್ಧಕ್ಕಿಂತ ಹೆಚ್ಚು ಪಾಲು ಹಿಡೀಬಹುದು, ಇತ್ತೀಚಿನ ಪುಟಗಳನ್ನ ತನಗೆ ಬೇಕಾದ ಹಾಗೆ ಮತ್ತೆ ಬರೀಬಹುದು. 2019ರ ಜನವರಿಯಲ್ಲಿ ಹಾಗೇ ಆಯ್ತು. ಕಾಯಿನ್‌ಬೇಸ್ ಲೆಕ್ಕದ ಪ್ರಕಾರ ಸುಮಾರು 11 ಲಕ್ಷ ಡಾಲರ್‌ನಷ್ಟು ನಾಣ್ಯ ಎರಡೆರಡು ಸಲ ಖರ್ಚಾಯ್ತು. 2020ರ ಆಗಸ್ಟ್ ಮುಗಿಯೋದರೊಳಗೆ ಮತ್ತೆ ಮೂರು ದಾಳಿ. ಇತಿಹಾಸ ಮುಟ್ಟಬಾರದು ಅಂತ ಬೇರೆಯಾದವರ ಇತಿಹಾಸವನ್ನೇ, ಕೋಡ್ ಮುರಿಯದೆ, ಯಾರೋ ತಿದ್ದಿಹೋದ್ರು.

ಎರಡನೆಯದು ಫೋರ್ಕ್ ಮಾಡಿದವರ ಕಡೆ. 2017ರ ನವೆಂಬರಲ್ಲಿ ಪ್ಯಾರಿಟಿ ಅನ್ನೋ ವಾಲೆಟ್‌ನ ಮೂಲ ಕೋಡನ್ನ ಒಬ್ಬ ಬಳಕೆದಾರ ನಾಶ ಮಾಡಿಬಿಟ್ಟ. ಅದನ್ನ ನಂಬಿದ್ದ ವಾಲೆಟ್‌ಗಳಲ್ಲಿ 5,13,774 ಈಥರ್ ಬೀಗ ಬಿದ್ದು ಕೂತವು. ಅವತ್ತಿನ ಬೆಲೆಯಲ್ಲಿ ಸುಮಾರು 15 ಕೋಟಿ ಡಾಲರ್, ಹೆಚ್ಚುಕಡಿಮೆ ದಿ ಡಾವೋ ಕೂಡಿಸಿದಷ್ಟೇ. ಇಲ್ಲಿ ಕಳ್ಳನಿಗೆ ಸಿಕ್ಕಿದ್ದೂ ಏನಿಲ್ಲ. ಪ್ಯಾರಿಟಿ ಕಂಪನಿ ಕಟ್ಟಿದ ಗೇವಿನ್ ವುಡ್ ಎಥೀರಿಯಂ ಸ್ಥಾಪಕರಲ್ಲೇ ಒಬ್ಬರು. ಬಿಡಿಸಿ ಕೊಡೋಣ ಅಂತ 2018ರ ಏಪ್ರಿಲಲ್ಲಿ ಮತಕ್ಕೆ ಹಾಕಿದ್ರು. 55% ಬೇಡ ಅಂದ್ರು. ಆ ಈಥರ್ ಬಿಡಿಸಲೇ ಇಲ್ಲ.

ಡಾಲರ್ ಲೆಕ್ಕ ಎರಡೂ ಕಡೆ ಒಂದೇ. ಆದ್ರೆ ದಿ ಡಾವೋದಲ್ಲಿ ಒಟ್ಟು ಈಥರ್‌ನ 14%, ಇಲ್ಲಿ ಸುಮಾರು ಅರ್ಧ ಪರ್ಸೆಂಟ್.

8/8

ಹಾಗಾದ್ರೆ ನಿಯಮ ಯಾವುದು? "ಬರೆದದ್ದು ಬದಲಾಗಲ್ಲ" ಅನ್ನೋದಲ್ಲ, ಯಾಕಂದ್ರೆ ಬದಲಾಗಿದೆ. "ಅನ್ಯಾಯ ಆದ್ರೆ ಸರಿ ಮಾಡ್ತೀವಿ" ಅನ್ನೋದೂ ಅಲ್ಲ, ಯಾಕಂದ್ರೆ ಪ್ಯಾರಿಟಿಗೆ ಮಾಡಲಿಲ್ಲ. ನನಗೆ ಅರ್ಥವಾದದ್ದು ಇಷ್ಟು: ಪುಸ್ತಕ ಬರೆಯೋರು, ಓದೋರು, ಒಪ್ಪೋರು ಕೊನೆಗೂ ಮನುಷ್ಯರೇ. ನೋವು ಸಾಕಷ್ಟು ಜನಕ್ಕೆ ಒಟ್ಟಿಗೆ ತಟ್ಟಿದ್ರೆ ಎಂಟ್ರಿ ಬೀಳುತ್ತೆ. ತಟ್ಟದಿದ್ರೆ ಸಿದ್ಧಾಂತ ನೆನಪಾಗುತ್ತೆ.

2016ರ ಫೋರ್ಕ್ ತಪ್ಪು ಅಂತ ನಾನೀಗ ಹೇಳಲ್ಲ. ಅವತ್ತು ನನ್ನ ದುಡ್ಡಿದ್ದಿದ್ರೆ ನಾನೂ ಅದಕ್ಕೇ ಮತ ಹಾಕ್ತಿದ್ದೆ. ನನ್ನ ತಕರಾರು ಬೇರೆ. ಬ್ಯಾಂಕಲ್ಲಿ ತಪ್ಪಾದ್ರೆ ಯಾರ ಹತ್ರ ಹೋಗ್ಬೇಕು, ಎಷ್ಟು ದಿನ, ಮೇಲ್ಮನವಿ ಎಲ್ಲಿ ಅಂತ ಮೊದಲೇ ಬರೆದಿರುತ್ತೆ. ನಿಧಾನ, ತಲೆನೋವು, ನಿಜ. ಆದ್ರೆ 9,000 ಕಳಕೊಂಡವನಿಗೂ ಬಾಗಿಲು ಅದೇ. "ಮನುಷ್ಯರನ್ನ ನಂಬಬೇಕಿಲ್ಲ" ಅಂತ ಹೇಳಿದ ಕಡೆ ಕೂಡ ತೀರ್ಮಾನ ಮಾಡಿದ್ದು ಮನುಷ್ಯರೇ. ಯಾರು ಅಂತ ಮೊದಲೇ ಹೇಳಿರಲಿಲ್ಲ, ಅಷ್ಟೇ.

2017ರ ಜುಲೈಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ, ದಿ ಡಾವೋ ಟೋಕನ್‌ಗಳೂ ಸೆಕ್ಯುರಿಟಿಗಳೇ, ಕಾನೂನು ಇವಕ್ಕೂ ಅನ್ವಯಿಸುತ್ತೆ ಅಂತ ವರದಿ ಕೊಟ್ಟಿತು. ಅಷ್ಟೊತ್ತಿಗೆ ದಿ ಡಾವೋ ಮುಗಿದುಹೋಗಿತ್ತು.

ನನ್ನ ಫ್ರೆಂಡ್ ಕಥೆ? ಆ ರಾತ್ರಿಯೇ 1930 ಸೈಬರ್ ಸಹಾಯವಾಣಿಗೆ ಫೋನ್ ಮಾಡಿಸಿದೆ, ದೂರು ದಾಖಲಾಗಿದೆ. ದುಡ್ಡು ಇನ್ನೂ ಬಂದಿಲ್ಲ. ಮೆಸ್ ಬಿಲ್‌ಗೆ ನಾವು ಆರು ಜನ 1,500ರಂತೆ ಹಾಕಿದ್ವಿ. ನಮ್ಮ ಕೈಲಾದ ಫೋರ್ಕ್ ಅಷ್ಟೇ. ಅವನು ಈಗ್ಲೂ ಒಮ್ಮೊಮ್ಮೆ ಆ ವಿಳಾಸ ತೆಗೆದು ನೋಡ್ತಿರ್ತಾನೆ.

ನಿಮ್ಮಲ್ಲಿ ಯಾರಾದ್ರೂ ದುಡ್ಡು ಹಾಕೋ ಮೊದಲು "ಎಷ್ಟು ಲಾಭ" ಅನ್ನೋದಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಿ: ತಪ್ಪಾದ್ರೆ ತೀರ್ಮಾನ ಯಾರದ್ದು?

2016ರಲ್ಲಿ ನೀವಿದ್ದಿದ್ರೆ ಯಾವ ಕಡೆ, ಫೋರ್ಕಾ ಕ್ಲಾಸಿಕ್ಕಾ? ಕಾರಣದ ಜೊತೆ ಕಮೆಂಟ್ ಮಾಡಿ. ಜಗಳ ಆಡೋಣ, ಆದ್ರೆ ಎರಡು ಗ್ರೂಪ್ ಆಗೋದು ಬೇಡ 😄

(ಇದು ಹೂಡಿಕೆ ಸಲಹೆ ಅಲ್ಲ. ಇತಿಹಾಸ ಅಷ್ಟೇ.)

#ಬ್ಲಾಕ್‌ಚೈನ್_ಇತಿಹಾಸ #ಎಥೀರಿಯಂ #ಬಿಕಾಂ_ಹುಡುಗರು #ಕನ್ನಡದಲ್ಲಿ_ಕಾಮರ್ಸ್